ಗಿಡುಗದವನ ಕಣ್ಣು

ಮೂರು ವಾರಗಳಲ್ಲಿ ಪ್ರಭುರಾಜರು ಕಿನ್ನಾಳಕ್ಕೆ ಹೊರಟದ್ದು ಇದು ಐದನೆಯ ಸಲ. ಮೊದಲ ಸಲ ಹೋದಾಗ ಚಿತ್ರಗಾರ ಹುಲಗಪ್ಪ ಊರಿನಲ್ಲಿರಲಿಲ್ಲ. ಎರಡನೆಯ ಸಲ ಊರಿನಲ್ಲಿದ್ದ, ಆದರೆ ಹುಣಸೆಬೀಜದ ಅಂಟು ಹದಕ್ಕೆ ಬಂದಿರಲಿಲ್ಲ. ಮೂರನೆಯ ಸಲ ಅಂಟು ಹದಕ್ಕೆ ಬಂದಿತ್ತು, ಹುಲಗಪ್ಪನ ಮನಸ್ಸು ಬಂದಿರಲಿಲ್ಲ. ನಾಲ್ಕನೆಯ ಸಲ ಅವನು ಬಾಗಿಲಲ್ಲೇ ನಿಂತು, "ಬುಧವಾರ ಬರ್ರಿ ಸಾಹೇಬ್ರ, ಮುಗದಿರತೈತಿ. ಮುಗೀಲಿಲ್ಲಂದ್ರ ನನಗ ಬ್ಯಾರೆ ಹೆಸರ ಇಡ್ರಿ" ಎಂದಿದ್ದ. ಇವತ್ತು ಬುಧವಾರ. ಬೇರೆ ಹೆಸರುಗಳು ನಾಲ್ಕಾರು ಆಗಲೇ ಪ್ರಭುರಾಜರ ನಾಲಗೆಯ ತುದಿಯಲ್ಲಿ ಸಿದ್ಧವಾಗಿದ್ದವು.

ಕೆಲಸ ದೊಡ್ಡದೇನಲ್ಲ. ಅಂಗೈಯಷ್ಟು ಅಗಲದ ಒಂದು ಹಳೆಯ ಮರದ ಚೌಕಟ್ಟು. ಅದರ ಮೂಲೆಯೊಂದು ಮುರಿದಿತ್ತು, ಅಂಚಿನ ಉಬ್ಬುಬಳ್ಳಿ ಎರಡು ಕಡೆ ಉದುರಿತ್ತು. ಅಂಥ ಬಳ್ಳಿಯನ್ನು ಅಂಟು ಮತ್ತು ಮರದ ಹುಡಿಯ ಕಣಕದಿಂದ ಎತ್ತಿ ನಿಲ್ಲಿಸಿ ಬಣ್ಣ ಕೊಡಲು ಕಿನ್ನಾಳದ ಚಿತ್ರಗಾರರೇ ಬೇಕು. ಚೌಕಟ್ಟಿನೊಳಗಿನ ಚಿತ್ರ ಹಿಂಬದಿಯ ತೆಳುಹಲಗೆಗೆ ಅಂಟಿಕೊಂಡಿತ್ತು. ಹಲಗೆಯೋ ತುಕ್ಕು ಹಿಡಿದ ಮೊಳೆಗಳಿಂದ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಅದನ್ನು ಬಿಡಿಸುವ ಧೈರ್ಯ ಪ್ರಭುರಾಜರಿಗೆ ಆಗಲಿಲ್ಲ. ತಾವೇ ಮೇಲೆ ಕೂಡಿಸಿದ್ದ ಗಾಜನ್ನು ಮಾತ್ರ ತೆಗೆದು, ಚಿತ್ರದ ಮೇಲೆ ಬೆಣ್ಣೆಕಾಗದ ಹೊದಿಸಿ, ಅದರ ಮೇಲೆ ಕೆಂಪು ಶಾಯಿಯಲ್ಲಿ "ಚಿತ್ರವನ್ನು ಮುಟ್ಟಕೂಡದು" ಎಂದು ಬರೆದು, ಸಾಲದೆಂದು ಕೆಳಗೆ ಎರಡು ಗೆರೆ ಎಳೆದು ಕೊಟ್ಟುಬಂದಿದ್ದರು. ಮೂವತ್ತೆರಡು ವರ್ಷ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕಳೆದವರಿಗೆ ಬರೆದದ್ದರ ಮೇಲೆ ನಂಬಿಕೆ ತುಸು ಹೆಚ್ಚು.

ಆ ನೌಕರಿಯೇ ಅವರಿಗೆ ಈ ಗೀಳು ಹಚ್ಚಿದ್ದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಮತ್ತೆ ಕೊಪ್ಪಳ ಎಂದು ವರ್ಗಾವಣೆಯ ಗಾಣದಲ್ಲಿ ಸುತ್ತುತ್ತ ಅವರು ಅಣ್ಣತಮ್ಮಂದಿರ ಪಾಲಿನ ವಾಟ್ನಿ ಪತ್ರಗಳನ್ನು ರಾಶಿಗಟ್ಟಲೆ ನೋಂದಾಯಿಸಿದ್ದರು. ಹೊಲ, ಮನೆ, ಬಾವಿ, ಹಿತ್ತಲ ಬೇವಿನ ಮರವನ್ನು ಕೂಡ ಹಂಚಿಕೊಂಡ ಮೇಲೂ ಯಾರ ಪಾಲಿಗೂ ಸೇರದ ಏನೋ ಒಂದು ಪೆಟ್ಟಿಗೆಯ ತಳದಲ್ಲಿ ಉಳಿದಿರುತ್ತಿತ್ತು: ಕಣ್ಣಕಪ್ಪಿನ ಒಂದು ಸುರಮಾದಾನಿ, ಬೆರಳುದ್ದದ ಅತ್ತರಿನ ಶೀಸೆ, ಬಣ್ಣ ಬಳಿದ ನಾಲ್ಕು ಗಂಜೀಫಾ ಆಟದ ಎಲೆ, ಹೆಬ್ಬೆಟ್ಟಿನಗಲದ ಯಾರದೋ ಮುಖ. ಪತ್ರದಲ್ಲಿ ಬರೆಯಲಾರದಷ್ಟು ಸಣ್ಣವು. ಬರೆಯಲಾರದವನ್ನೆಲ್ಲ ಪ್ರಭುರಾಜರು ಕೇಳಿ ಪಡೆದರು. ಈಗ ಕೊಪ್ಪಳದ ಅವರ ಮನೆಯ ಸಾಗವಾನಿ ಕಪಾಟಿನಲ್ಲಿ, ಒಂದೊಂದು ಸೆಳೆಖಾನೆಯಲ್ಲಿ ಒಂದೊಂದರಂತೆ, ಮೂವತ್ತು ಮುಖಚಿತ್ರಗಳಿದ್ದವು.

ಆದರೆ ಈ ಸೀಮೆಯಲ್ಲಿ ಸಣ್ಣದನ್ನು ಪ್ರೀತಿಸುವುದೆಂದರೆ ದಿನಕ್ಕೊಮ್ಮೆ ಹಣೆ ಚಚ್ಚಿಕೊಳ್ಳುವುದು. ಕುಷ್ಟಗಿಯ ಒಬ್ಬ ವಕೀಲರು, ಎರಡು ವರ್ಷ ಬೇಡಿಕೊಂಡ ಮೇಲೆ, ತಮ್ಮ ಮನೆಯ ಹಳೆಯ ದೇಸಾಯಿಯ ಚಿತ್ರವನ್ನು ತಂದುಕೊಟ್ಟಿದ್ದರು. ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ. "ಹಾಳಾಗಬಾರದಂತ ಮಾಡ್ಸೀನ್ರಿ, ಇನ್ನ ನೀರಾಗ ಹಾಕಿದ್ರೂ ಏನೂ ಆಗಂಗಿಲ್ಲ" ಎಂದು ಹೆಮ್ಮೆಪಟ್ಟಿದ್ದರು. ಯಲಬುರ್ಗಾದ ಇನ್ನೊಬ್ಬರು ಸರದಾರನ ಪೇಟವನ್ನು ಕತ್ತರಿಯಿಂದ ನಿವಾರಿಸಿ ಮುಖವನ್ನಷ್ಟೇ ಲಾಕೆಟ್ಟಿನಲ್ಲಿ ಕೂಡಿಸಿದ್ದರು. ಮನೆಗೆ ಬಂದವರು ಭೂತಗನ್ನಡಿಯಲ್ಲಿ ಇಣುಕಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇಷ್ಟ ಸಣ್ಣ ಯಾಕ್ರಿ? ದೊಡ್ಡದ ಮಾಡ್ಸಬಾರದ?" ಹುಟ್ಟುಹಬ್ಬದ ಫ್ಲೆಕ್ಸುಗಳಲ್ಲಿ ಮೂವತ್ತಡಿಯ ಮುಖಗಳು ಬಸ್ ನಿಲ್ದಾಣದ ಎದುರು ಹಲ್ಲು ಬಿಡುತ್ತಿರುವ ಊರಿನಲ್ಲಿ ಇದಕ್ಕೆ ಉತ್ತರ ಹೇಳುವುದಾದರೂ ಹೇಗೆ? ದೊಡ್ಡ ಮುಖದಿಂದ ಜನ ದೂರ ನಿಲ್ಲುತ್ತಾರೆ. ಸಣ್ಣ ಮುಖಕ್ಕೆ ಹತ್ತಿರ ಬರಬೇಕು. ಬಂದವನು ಉಸಿರು ಬಿಗಿಹಿಡಿಯಬೇಕು, ಹಕ್ಕಿಯ ಗೂಡಿನೊಳಗೆ ನೋಡುವವನ ಹಾಗೆ. ಇದನ್ನು ಅವರು ಒಮ್ಮೆ ಒಬ್ಬರಿಗೆ ವಿವರಿಸಿದ್ದರು. ಕೇಳಿದವರು ತಲೆಯಾಡಿಸಿ, "ಹೌದ್ರಿ, ಆದರೂ ಸ್ವಲ್ಪ ದೊಡ್ಡದ ಇದ್ರ ಛಲೋ ಇತ್ತು" ಎಂದಿದ್ದರು.

ಹುಲಗಪ್ಪನ ಕೈಗೆ ಕೊಟ್ಟದ್ದು ಮೂವತ್ತೊಂದನೆಯ ಮುಖ. ಇನ್ನೂ ಪ್ರಭುರಾಜರದಾಗಿರದ ಮುಖ. ಅದು ಗಂಗಾವತಿಯ ದಾವಲಬೀ ಎಂಬ ಮುದುಕಿಯ ಮನೆಯದು.

ಚಿತ್ರದಲ್ಲಿ ಒಬ್ಬ ಮನುಷ್ಯ ಪಕ್ಕಕ್ಕೆ ಹೊರಳಿ ನಿಂತಿದ್ದ. ತಲೆಗೆ ಸಾದಾ ಬಿಳಿ ರುಮಾಲು, ಮೈಗೆ ಮಾಸಿದ ಹಸಿರು ಅಂಗಿ, ಚರ್ಮದ ಪಟ್ಟಿ ಸುತ್ತಿದ ಮುಂಗೈಯ ಮೇಲೆ ಒಂದು ಗಿಡುಗ. ಸರದಾರನಲ್ಲ, ಯಾವನೋ ಸರದಾರನ ಬೇಟೆಯ ಹಕ್ಕಿ ಸಾಕುತ್ತಿದ್ದ ಆಳು. ಅಂಥವನ ಮುಖವನ್ನು ಯಾವ ಕಲಾವಿದ ಯಾವ ಬಿಡುವಿನ ಮಧ್ಯಾಹ್ನದಲ್ಲಿ ಬರೆದನೋ. ಆದರೆ ಆ ಮುಖಕ್ಕೆ ಕಣ್ಣಿರಲಿಲ್ಲ. ಕಣ್ಣಿರಬೇಕಾದಲ್ಲಿ ಸವೆದ ಕಾಗದದ ಹೊಳಪು ಮಾತ್ರವಿತ್ತು. ದಾವಲಬೀಯ ಮನೆತನದಲ್ಲಿ ಯಾರಿಗಾದರೂ ಕಣ್ಣು ನೋವಾದರೆ, ಯಾರಾದರೂ ದೂರದ ಊರಿಗೆ ಹೊರಟರೆ, ಈ ಮುತ್ತಜ್ಜನ ಕಣ್ಣನ್ನು ತೋರುಬೆರಳಿನಿಂದ ಸವರಿ ತಮ್ಮ ರೆಪ್ಪೆಗೆ ಒತ್ತಿಕೊಳ್ಳುವುದು ರೂಢಿ. ಗಿಡುಗ ಸಾಕಿದವನ ಕಣ್ಣು ಮಂಜಾಗುವುದಿಲ್ಲವೆಂದು ಅವರ ನಂಬಿಕೆ. ಆರು ತಲೆಮಾರಿನ ಬೆರಳುಗಳು ಸೇರಿ ಆ ಕಣ್ಣನ್ನು ಮುಗಿಸಿದ್ದವು.

ಈ ಸವೆತವೇ ಅಮೃತಾಳನ್ನು ಹಿಡಿದು ನಿಲ್ಲಿಸಿತ್ತು. ಅಮೃತಾ ಯಲಬುರ್ಗಾದ ಕಡೆಯವಳು, ದೂರದ ವಸ್ತುಸಂಗ್ರಹಾಲಯವೊಂದರಲ್ಲಿ ಕೆಲಸ. ಕೊಪ್ಪಳದ ಹಳೆಯ ಕಟ್ಟಡವೊಂದರಲ್ಲಿ ಸಣ್ಣ ಪ್ರದರ್ಶನಾಲಯ ತೆರೆಯುವ ಹೊಣೆ ಅವಳ ಮೇಲಿತ್ತು. ಫೋಟೋಗಳನ್ನು ನೋಡಿ ಅವಳು ಫೋನಿನಲ್ಲೇ ತೀರ್ಪು ಕೊಟ್ಟಿದ್ದಳು: "ಸರ್, ಉಳಿದ ಮೂವತ್ತು ಛಲೋ ಅದಾವ, ಆದರ ಅಂಥವು ಬ್ಯಾರೆ ಕಡೆನೂ ಅದಾವ. ಇದರಂಥಾದ್ದು ನಾ ಎಲ್ಲೂ ನೋಡಿಲ್ರಿ. ಆ ಸವದ ಕಣ್ಣ ಐತಲ್ಲ, ಅದರ ಸಲುವಾಗಿನ ಜನ ಬರತಾರ. ಇದೊಂದು ಬಂದ್ರ ನಿಮ್ಮ ಸಂಗ್ರಹಕ್ಕ ಒಂದು ಕೋಣಿ ಖರೇ. ಚೌಕಟ್ಟ ಬೇಕಾದ್ರ ಸರಿ ಮಾಡ್ಸ್ರಿ. ಮುಖ ಮಾತ್ರ ಯಾರೂ ಮುಟ್ಟಬಾರದು."

ಒಂದು ಕೋಣೆ! ತಾನು ಹೋದ ಮೇಲೆ ಈ ಮೂವತ್ತೊಂದು ಮುಖಗಳು ಮತ್ತೆ ಪೆಟ್ಟಿಗೆಗಳ ತಳಕ್ಕೆ ಚದುರಿ ಬೀಳಬಾರದು ಎನ್ನುವುದೊಂದೇ ಪ್ರಭುರಾಜರ ಉಳಿದ ಆಸೆ. ಅದಕ್ಕೆ ಈಗ ಬೇಕಾದದ್ದು ದಾವಲಬೀಯ ಒಪ್ಪಿಗೆ. ಆಕೆ ಚಿತ್ರವನ್ನು ಅಮಾನತ್ತಾಗಿ ಕೊಟ್ಟಿದ್ದಳು: ನೋಡಿಕೊಳ್ಳಲು ಮಾತ್ರ, ಇಟ್ಟುಕೊಳ್ಳಲು ಅಲ್ಲ. ಕೇಳಿದಾಗ ಹೆಚ್ಚು ಚೌಕಾಸಿಯಿಲ್ಲದೆ, "ಇನ್ನ ಅದು ನಮ್ಮ ಮನ್ಯಾಗ ಇದ್ದ ಏನ ಮಾಡತೈತಿ ಸಾಹೇಬ, ಹೆಬ್ಬೆಟ್ಟ ಒತ್ತತೀನಿ" ಎಂದಿದ್ದಳು. ಶುಕ್ರವಾರ ಕೊಪ್ಪಳದಲ್ಲಿ ಆಕೆಯ ಕಣ್ಣಿನ ಪೊರೆಯ ಆಪರೇಷನ್. ಹಿಂದಿನ ದಿನ, ಅಂದರೆ ನಾಳೆ ಗುರುವಾರ, ಮಗನೊಂದಿಗೆ ಬಂದು ಮುತ್ತಜ್ಜನನ್ನು ಕಡೆಯ ಸಲ ಕೈಯಲ್ಲಿ ಹಿಡಿದು ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದೆಂದು ಗೊತ್ತಾಗಿತ್ತು. ಅಮೃತಾಳೂ ಅಂದೇ ಬರುವವಳಿದ್ದಳು.

ಹುಲಗಪ್ಪನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಣ್ಣ ಕಾಣದ ಹುಲಿ, ಸೊಂಡಿಲು ಕೂಡಿಸದ ಗಣಪ, ಒಂದು ಸಾಲು ಗಿಳಿ, ಎಲ್ಲಕ್ಕೂ ಅಂಟಿನ ಹುಳಿವಾಸನೆ.

"ಬರ್ರಿ ಸಾಹೇಬ್ರ, ನನ್ನ ಹೆಸರ ಉಳೀತ ನೋಡ್ರಿ" ಎನ್ನುತ್ತ ಹುಲಗಪ್ಪ ಚೌಕಟ್ಟನ್ನು ಅರಿವೆಯಿಂದ ಬಿಚ್ಚಿದ.

ಪ್ರಭುರಾಜರು ತಮ್ಮ ಬಿಳಿಯ ಹತ್ತಿಯ ಕೈಗವಸುಗಳನ್ನು ತೊಟ್ಟು ಅದನ್ನು ಇಸಿದುಕೊಂಡರು. ಮುರಿದ ಮೂಲೆ ಎಲ್ಲಿತ್ತೆಂದು ಅವರಿಗೇ ತಿಳಿಯಲಿಲ್ಲ. ಬಳ್ಳಿ ನಡುವೆಯೆಲ್ಲೂ ಕಡಿಯದೆ ಸುತ್ತಿ ಬಂದು ತನ್ನ ಬುಡವನ್ನೇ ಸೇರಿತ್ತು. ಹೊಸದು ಹಳೆಯದೆಂಬ ಭೇದವಿಲ್ಲದ ಹಸಿರು. ಐದು ಸಲದ ಬಸ್ ಪ್ರಯಾಣವನ್ನು ಅವರು ಆ ಕ್ಷಣ ಕ್ಷಮಿಸಿದರು. ಆಮೇಲೆ ಬೆಣ್ಣೆಕಾಗದ ಎತ್ತಿದರು.

ಗಿಡುಗದವನು ಗಿಡುಗವನ್ನು ನೋಡುತ್ತಿದ್ದ.

ಮೀನಿನಾಕಾರದ, ಅಗಲವಾದ, ಕಪ್ಪಂಚಿನ ಕಣ್ಣು. ದೇವರ ಮೂರ್ತಿಗಳಿಗೆ ಬರೆಯುವಂಥದು. ಬಳ್ಳಿಯ ಹಾಗೆಯೇ ಕಾಗದದಿಂದ ಒಂದು ಎಳೆಯಷ್ಟು ಉಬ್ಬಿ ನಿಂತಿತ್ತು. ನಡುವೆ ಬೆಳಕಿನ ಬಿಳಿಯ ಚುಕ್ಕೆ.

"ಹುಲಗಪ್ಪಾ, ಇದೇನಿದು?"

"ಕಣ್ಣು."

"ಕಣ್ಣಂತ ನನಗೂ ಕಾಣಸ್ತೈತಿ! ಯಾರು ಬರೀ ಅಂದ್ರು?"

"ಯಾರೂ ಅನ್ನಲಿಲ್ರಿ. ಅನ್ನಾಕ ಬೇಕೇನ್ರಿ?" ಹುಲಗಪ್ಪನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಹಕ್ಕೀಗೂ ಒಂದ ಚುಕ್ಕಿ ಇಟ್ಟೀನಿ. ಅದೂ ಮಂಕ ಆಗಿತ್ತು."

ಪ್ರಭುರಾಜರು ಬೆಣ್ಣೆಕಾಗದವನ್ನು ಅವನ ಮೂಗಿನ ಮುಂದೆ ಹಿಡಿದರು. "ಇಲ್ಲೇನ ಬರದೈತಿ? ಓದು. ಗಟ್ಟಿಯಾಗಿ ಓದು."

"ಚಿತ್ರವನ್ನು... ಮುಟ್ಟಕೂಡದು. ಹೂಂ. ಮುಟ್ಟಿಲ್ರಿ ನಾನು. ಕೈಯಿಂದ ಒಂದ ಬೆರಳ ಸೈತ ಹತ್ತಿಸಿಲ್ಲ. ಕುಂಚದ ತುದೀಲೆ ಅಷ್ಟ."

"ಅಯ್ಯೋ ಮಾರಾಯಾ!"

"ಹಂಗ ಬರದೀರಿ ಅಂತನ ಅಷ್ಟ ಹುಷಾರ ಮಾಡೀನಿ" ಎಂದ ಹುಲಗಪ್ಪ. "ಸಾಹೇಬ್ರ, ನಮ್ಮ ಮನೀ ಹೊಸ್ತಿಲ ಕಣ್ಣಿಲ್ಲದ ಮುಖ ದಾಟಂಗಿಲ್ರಿ. ನಮ್ಮಪ್ಪನ ಕಾಲದಿಂದ, ಅವರಪ್ಪನ ಕಾಲದಿಂದ. ಗೊಂಬಿ ಇರ್ಲಿ, ದೇವರಿರ್ಲಿ, ಕಟ್ಟಿಗಿ ಕುದರಿ ಇರ್ಲಿ. ಒಳಗ ಬರೂವಾಗ ಹೆಂಗರ ಬರ್ಲಿ, ಹೊರಗ ಹೋಗೂವಾಗ ಕಣ್ಣ ಬಿಟ್ಕೊಂಡ ಹೋಗಬೇಕು. ಇಲ್ಲಂದ್ರ ದಾರಿ ಹೆಂಗ ಕಾಣಬೇಕು ಅದಕ್ಕ?"

"ಅದಕ್ಕ ದಾರಿ ಯಾಕ ಬೇಕು? ಅದು ನನ್ನ ಚೀಲದಾಗ ಹೋಗತೈತಿ!"

"ಚೌಕಟ್ಟು ಎರಡ ದಿನದ ಕೆಲಸರಿ" ಎಂದು ಹುಲಗಪ್ಪ ತನ್ನ ಪಾಡಿಗೆ ಮುಂದುವರಿಸಿದ. "ಕಣ್ಣಿಗೇ ಇಷ್ಟ ದಿನ ಹಿಡದದ್ದು. ಇರೋದ ಒಂದು, ಆದರ ಅಂವ ಎತ್ತಾಗ ನೋಡ್ತಿದ್ದಾ ಅಂತ ತಿಳೀವಲ್ದು. ದಿನಾ ಎದುರಿಗಿಟ್ಕೊಂಡ ಕುಂತೆ. ಹೋದ ಸೋಮವಾರ ತಿಳೀತು. ಹಕ್ಕಿ ಸಾಕಿದಾಂವ ಮತ್ತೇನ ನೋಡ್ತಾನ, ಹಕ್ಕೀನ ನೋಡ್ತಾನ."

ಅಂದರೆ ಮೂರು ವಾರ, ಐದು ಬಸ್ಸು, ಇಷ್ಟೆಲ್ಲ ಕಾದದ್ದು ತನ್ನ ಸರ್ವನಾಶಕ್ಕಾಗಿಯೇ! ಪ್ರಭುರಾಜರ ಕಿವಿ ಬಿಸಿಯಾಯಿತು.

"ತಗಿ ಅದನ್ನ. ಈಗಿಂದೀಗ ಅಳಸು."

ಚಹಾದ ಲೋಟ ಹಿಡಿದು ಒಳಗಿನಿಂದ ಬರುತ್ತಿದ್ದ ಹುಲಗಪ್ಪನ ಹೆಂಡತಿ ಯಮನೂರಮ್ಮ ನಿಂತಲ್ಲೇ ನಿಂತಳು. "ಯವ್ವಾ! ಎಂಥಾ ಮಾತ ಆಡತೀರಿ ಸಾಹೇಬ್ರ? ಇಟ್ಟ ಕಣ್ಣ ಕೀಳ ಅಂತೀರಿ?"

"ಕೀಳೋದಲ್ಲವಾ, ಒಂದ ಹನಿ ನೀರಿಲೆ..."

"ಹೊತ್ತ ಮುಳುಗೂತನಕ ಬ್ಯಾರೆ ಕೆಲಸ ಹೇಳ್ರಿ, ಮಾಡ್ತೀನಿ" ಎಂದ ಹುಲಗಪ್ಪ, ಈಗ ನಗದೆ. "ಇದ ಮಾತ್ರ ನನ್ನ ಕೈಲೆ ಆಗಂಗಿಲ್ಲ. ದೊಡ್ಡದಾತು ಅಂದ್ರ ರೆಪ್ಪಿ ಒಂದಿಷ್ಟ ಇಳಸಿ ಕೊಡ್ತೀನಿ, ಕೊಡ್ರಿ ಇಲ್ಲೆ."

"ಬ್ಯಾಡ!" ಪ್ರಭುರಾಜರು ಚೌಕಟ್ಟನ್ನು ಎದೆಗವಚಿಕೊಂಡು ಎದ್ದರು. ಚಹಾ ಕುಡಿಯದೆ ಆ ಮನೆಯಿಂದ ಹೊರಬಿದ್ದ ಮೊದಲ ಮನುಷ್ಯ ಅವರೇ ಇರಬೇಕು. ಹಿಂದಿನಿಂದ ಹುಲಗಪ್ಪನ ಧ್ವನಿ ಕೇಳಿಸಿತು: "ಚೌಕಟ್ಟಿನ ಕೂಲಿ ಅಷ್ಟರಿ ಸಾಹೇಬ್ರ, ಕಣ್ಣಿಗೆ ನಾವು ಏನೂ ತಗೊಳ್ಳಂಗಿಲ್ಲ!"

ಮನೆಯಲ್ಲಿ ಲಲಿತಾ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ನಲವತ್ತು ವರ್ಷದ ಸಂಸಾರದಲ್ಲಿ ಗಂಡನ ಸಂಗ್ರಹದ ಯಾವ ಮುಖವನ್ನೂ ಅವರು ಇಷ್ಟು ಹೊತ್ತು ನೋಡಿದ್ದಿಲ್ಲ.

"ಅಲ್ರಿ, ಕಣ್ಣಿಲ್ಲದಾಗ ತಲಿ ಮ್ಯಾಲೆ ಹೊತ್ತು ಮೆರೆಸಿದ್ರಿ. ಕಣ್ಣ ಬಂದ ಮ್ಯಾಲೆ ಹಿಂಗ ಸಿಟ್ಟ ಮಾಡತೀರಲ್ಲ?"

"ನಿನಗ ತಿಳಿಯಂಗಿಲ್ಲ."

"ನನಗ ತಿಳಿಯಂಗಿಲ್ಲ ಬಿಡ್ರಿ. ಹುಲಗಪ್ಪಗೂ ತಿಳಿಯಂಗಿಲ್ಲ. ಈ ಜಿಲ್ಲಾದಾಗ ತಿಳದಾವರು ನೀವೊಬ್ಬರ."

ಪ್ರಭುರಾಜರು ಒಂದು ಕಡ್ಡಿಗೆ ಹತ್ತಿ ಸುತ್ತಿ, ನೀರಲ್ಲಿ ಅದ್ದಿ, ಹಿಂಡಿ, ಕಣ್ಣಿನ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ಹಿಡಿದರು. ಹೊಸ ಬಣ್ಣದ ಜೊತೆ ಹಳೆಯ ಕಾಗದವೇ ಎದ್ದು ಬಂದರೆ? ಅಮಾನತ್ತು ಇನ್ನೊಬ್ಬರ ವಸ್ತು. ಅವರು ಕಡ್ಡಿಯನ್ನು ಕೆಳಗಿಟ್ಟರು. ಆಗ ಬೇರೆಯೊಂದು ಯೋಚನೆ, ಕರೆಯದೆ ಬಂದ ನೆಂಟನ ಹಾಗೆ, ಒಳಗೆ ಬಂದು ಕುಳಿತಿತು: ದಾವಲಬೀಗೆ ಕಣ್ಣು ಕಾಣುವುದಿಲ್ಲ. ಗಾಜು ಹಾಕಿ ಕೈಗೆ ಕೊಟ್ಟರಾಯಿತು. ಹೆಬ್ಬೆಟ್ಟು ಬೀಳಲಿ, ಆಮೇಲೆ ಬಲ್ಲವರು ತೊಳೆದುಕೊಳ್ಳುತ್ತಾರೆ. ಮೂವತ್ತೆರಡು ವರ್ಷ ಪ್ರತಿಯೊಂದು ಹೆಬ್ಬೆಟ್ಟಿಗೂ ಮೊದಲು "ಓದಿ ಹೇಳ್ಯಾರೇನು? ತಿಳೀತೇನು? ಒಪ್ಪಿಗಿ ಐತೇನು?" ಎಂದು ಕೇಳಿ ಕೇಳಿ ಜನರನ್ನು ಗೋಳುಹೊಯ್ದುಕೊಂಡ ಮನುಷ್ಯ ತಾನೇ ಎಂಬುದು ನೆನಪಾಗಿ ಅವರಿಗೆ ಹುಲಗಪ್ಪನ ಮೇಲೆ ಇನ್ನಷ್ಟು ಸಿಟ್ಟು ಬಂತು. ಆದರೂ ಅವರು ಗಾಜನ್ನು ಒರೆಸಿ ಹಾಕಿದರು.

ಗುರುವಾರ ಹತ್ತಕ್ಕೆ ಅಮೃತಾ ಬಂದಳು. ಕುರ್ಚಿಯಲ್ಲಿ ಕೂಡುವ ಮೊದಲೇ ಚಿತ್ರ ಕೇಳಿದಳು. ಕಿಟಕಿಯ ಬಳಿ ಒಯ್ದು, ಗಾಜು ಸರಿಸಿ, ತನ್ನ ಮಸೂರವನ್ನು ಹಚ್ಚಿದಳು.

"ಸರ್."

"ಗೊತ್ತೈತಿ."

"ಯಾರು?"

"ಕಿನ್ನಾಳ."

ಅಮೃತಾ ಕಣ್ಣು ಮುಚ್ಚಿ, ತೆರೆದಳು. "ಎರಡ ನೂರ ವರ್ಷ, ಸರ್. ಎರಡ ನೂರ ವರ್ಷ ಯಾರೂ ಕೆಡಸಿದ್ದಿಲ್ಲ."

"ನಾ ಬರದ ಕೊಟ್ಟಿದ್ದೆ. ಕೆಂಪ ಶಾಯಿಲೆ."

ಅವಳು ಮತ್ತೆ ಮಸೂರ ಹಚ್ಚಿದಳು. ಅಂಟು ಇನ್ನೂ ಹಸಿಯಾಗಿದೆ, ತಮ್ಮ ಪ್ರಯೋಗಾಲಯದಲ್ಲಿ ಎರಡು ತಿಂಗಳು ಹಿಡಿದರೆ ತೆಗೆಯಬಹುದು, ಅಡಿಯ ಕಾಗದ ಉಳಿಯಲೂಬಹುದು ಎಂದಳು. "ಅಜ್ಜಿ ಹೆಬ್ಬೆಟ್ಟ ಒತ್ತಿದ್ರ ಇವತ್ತ ಒಯ್ತೀನಿ. ಒತ್ತೂತನಕ ಈ ವಿಷಯ..." ಮಾತನ್ನು ಅಲ್ಲಿಗೇ ಬಿಟ್ಟು ಅವಳು ಗಾಜನ್ನು ಮತ್ತೆ ಹಾಕಿದಳು. ಪ್ರಭುರಾಜರೂ ಆ ಮಾತನ್ನು ಪೂರ್ತಿ ಮಾಡಲಿಲ್ಲ.

ದಾವಲಬೀ ಬಂದಾಗ ಆಕೆಯ ಮಗ ರೆಹಮಾನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಮಂಜು ಕವಿದ ಎರಡು ಕಣ್ಣುಗಳನ್ನು ಆಕೆ ಮಾತು ಬಂದ ದಿಕ್ಕಿಗೆ ತಿರುಗಿಸುತ್ತಿದ್ದಳು. ಲಲಿತಾ ಚಹಾ ಕೊಟ್ಟರು. ಅಮೃತಾ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ರೆಹಮಾನ ಶಾಯಿಯ ಡಬ್ಬಿ ತೆರೆದು ತಾಯಿಯ ಹೆಬ್ಬೆರಳನ್ನು ಅದ್ದಿದ. "ಇಲ್ಲೆ ಅಮ್ಮಾ, ನಾ ಹಿಡೀತೀನಿ, ಕೈ ಸಡಲ ಬಿಡು."

ನೀಲಿ ಹೆಬ್ಬೆರಳು ಕಾಗದದ ಮೇಲೆ ಇಳಿಯತೊಡಗಿತು. ಇಂಥ ಸಾವಿರಾರು ಬೆರಳುಗಳು ಇಳಿಯುವುದನ್ನು ಪ್ರಭುರಾಜರು ಮೇಜಿನ ಆಚೆಯಿಂದ ನೋಡಿದ್ದರು. ಇಳಿದ ಮೇಲೆ ಯಾವುದೂ ಹಿಂದಕ್ಕೆ ಹೋಗುವುದಿಲ್ಲ.

"ತಡೀರಿ" ಎಂದರು.

ಅಮೃತಾ ತಲೆಯೆತ್ತಿದಳು. ಪ್ರಭುರಾಜರು ಅವಳ ಕಡೆ ನೋಡದೆ ಕೈಗವಸು ತೊಟ್ಟು, ಗಾಜನ್ನು ತೆಗೆದು, ಚಿತ್ರವನ್ನು ದಾವಲಬೀಯ ಮಡಿಲಲ್ಲಿಟ್ಟರು. "ಮೊದಲ ಮುಟ್ಟಿ ನೋಡ್ರಿ. ಆಮ್ಯಾಲೆ ಒತ್ತೋದಿದ್ರ ಒತ್ತ್ರಿ." ಹಳೆಯ ಅಭ್ಯಾಸದಂತೆ ಅವರ ಕೈ ಇನ್ನೊಂದು ಜೊತೆ ಕೈಗವಸನ್ನೂ ಮುಂದೆ ಚಾಚಿತು.

"ಇದೇನ ಸಾಹೇಬ? ನಮ್ಮಜ್ಜನ್ನ ಮುಟ್ಟಾಕ ನಾ ಕೈಗೆ ಕುಲಾಯಿ ಹಾಕ್ಕೋಬೇಕ?" ದಾವಲಬೀ ನಕ್ಕು, ಶಾಯಿಯ ಹೆಬ್ಬೆರಳನ್ನು ಮಡಚಿಕೊಂಡು, ತೋರುಬೆರಳಿನಿಂದ ಅಂಚು ಹುಡುಕಿದಳು. ಬಳ್ಳಿ, ರುಮಾಲು, ಹಣೆ. ಬೆರಳು ನಿಂತಿತು. ಹಿಂದೆ ಹೋಗಿ ಮತ್ತೆ ಬಂತು.

"ಇದ್ಯಾರ ಕಣ್ಣು?"

ಪ್ರಭುರಾಜರು ಹೇಳಿದರು. ಚೌಕಟ್ಟು, ಬೆಣ್ಣೆಕಾಗದ, ಹೊಸ್ತಿಲು, ಕುಂಚ, ಎಲ್ಲವನ್ನೂ. ಹೇಳುತ್ತ ಹೇಳುತ್ತ ತಮ್ಮ ಕಿವಿಗೇ ಅದು ಯಾವನೋ ಮೂರ್ಖನ ಕತೆಯಂತೆ ಕೇಳಿಸಿತು. "ತಪ್ಪ ನಂದೈತಿ ದಾವಲಬೀ. ಆದರ ಎರಡ ತಿಂಗಳದಾಗ ತಗಸಿಬಿಡ್ತೀವಿ. ಮೊದಲಿನಂಗ ಮಾಡ್ತೀವಿ."

"ಮೊದಲಿನಂಗ ಅಂದ್ರ?"

"ಅಂದ್ರ... ಸವದದ್ದು ಹೆಂಗಿತ್ತೋ ಹಂಗ."

"ಸವದದ್ದು ತಗೊಂಡ ನಾ ಏನ ಮಾಡ್ಲಿ?" ದಾವಲಬೀಯ ಬೆರಳು ಇನ್ನೂ ಅಲ್ಲೇ ಇತ್ತು. "ನಾ ಯಾಕ ಕೊಡಾಕ ಒಪ್ಪಿದ್ದೆ ಹೇಳ್ರಿ ನೋಡೋಣು. ಪೊರಿ ಬಂದಾಗಿಂದ ದಿನಾ ಮುಂಜಾನೆ ಮುಟ್ಟತಿದ್ದೆ. ಬೆರಳಿಗೆ ಏನೂ ಹತ್ತವಲ್ದು. ಬರೇ ಕಾಗದ. ಆತು, ಅಜ್ಜಂದು ಮುಗೀತು, ಎಲ್ಲಾರಿಗೂ ಕೊಟ್ಟು ಕೊಟ್ಟು ಖಾಲಿ ಆದ ಅಂದ್ಕೊಂಡೆ. ಖಾಲಿ ಆದದ್ದನ್ನ ಜತನ ಮಾಡೋರು ಈ ಸೀಮ್ಯಾಗ ನೀವೊಬ್ಬರ. ಅದಕ್ಕ ನಿಮ್ಮ ಕಡೆ ಕಳಿಸಿದೆ. ಈಗ ತುಂಬಿಸಿ ಕೊಟ್ಟೀರಿ. ಇನ್ನ ನಾ ಯಾಕ ಬಿಡ್ಲಿ?"

ಪ್ರಭುರಾಜರು ಕುರ್ಚಿಯ ತುದಿಗೆ ಸರಿದರು. "ಅದು ನಿಮ್ಮಜ್ಜನ ಕಣ್ಣಲ್ಲ ತಾಯಿ! ಹುಲಗಪ್ಪ ಬರದದ್ದು! ಹೋದ ಸೋಮವಾರದ್ದು!"

"ಮೊದಲಿಂದೇನ ಅಜ್ಜ ತಗದ ಕೊಟ್ಟಿದ್ದನೇನ ಸಾಹೇಬ? ಅದೂ ಒಬ್ಬಾಂವ ಬರದದ್ದ."

ಇದಕ್ಕೆ ಉತ್ತರ ಇರಲೇಬೇಕು ಎಂದು ಪ್ರಭುರಾಜರು ಅಮೃತಾಳ ಮುಖ ನೋಡಿದರು. ಅಮೃತಾ ಮುಂದೆ ಬಾಗಿದಳು. "ಅಜ್ಜೀ, ನಮ್ಮಲ್ಲಿದ್ರ ವರ್ಷಕ್ಕ ಸಾವಿರಾರ ಮಂದಿ ನೋಡ್ತಾರ್ರಿ."

"ನೋಡ್ತಾರ. ಮುಟ್ಟತಾರೇನವಾ?"

"ಇಲ್ರಿ, ಗಾಜಿನ ಒಳಗ..."

"ಹಂಗಾರ ಬ್ಯಾಡ ಬಿಡು."

ಆಕೆ ಬೆರಳನ್ನು ಎತ್ತಿ ಎಡರೆಪ್ಪೆಗೆ, ಆಮೇಲೆ ಬಲರೆಪ್ಪೆಗೆ ಒತ್ತಿಕೊಂಡಳು. ಎರಡು ರೆಪ್ಪೆಗಳ ಮೇಲೂ ಕಾಡಿಗೆಯಂಥ ತೆಳುಗಪ್ಪು ಉಳಿಯಿತು. "ನಾಳೆ ಡಾಕ್ಟರ್ ಬೈತಾರ ಅಮ್ಮಾ" ಎಂದ ರೆಹಮಾನ. "ತೊಳಕೊಳ್ಳಲಿ, ಅವರ ಕೆಲಸ ಅದು" ಎಂದಳು ದಾವಲಬೀ. ಆಮೇಲೆ ಚೌಕಟ್ಟನ್ನು ಸವರುತ್ತ, "ಇದ ಅಡ್ಡ ಬರತೈತಿ, ಬಿಡಿಸಪಾ" ಎಂದಳು.

"ಏ ಏ, ಬ್ಯಾಡ! ಮೊಳಿ ಅದಾವ, ಕಾಗದ ಹರೀತೈತಿ!" ಪ್ರಭುರಾಜರು ಎದ್ದು ಬರುವಷ್ಟರಲ್ಲಿ ರೆಹಮಾನ ತನ್ನ ಆಟೋದ ಕೀಲಿಯನ್ನು ಹಲಗೆಯ ಅಂಚಿಗೆ ಕೊಟ್ಟು ಮೆಲ್ಲಗೆ ಮೀಟಿದ್ದ. ಹುಲಗಪ್ಪ ತುಕ್ಕಿನ ಮೊಳೆ ಕಿತ್ತು ನಾಲ್ಕು ಪುಟ್ಟ ಬಿದಿರುಕಡ್ಡಿ ಕೂಡಿಸಿದ್ದ. ಹಲಗೆ, ಬಟಾಣಿ ಸಿಪ್ಪೆಯಿಂದ ಕಾಳು ಜಾರುವ ಹಾಗೆ, ಚಿತ್ರಸಮೇತ ಜಾರಿ ರೆಹಮಾನನ ಅಂಗೈಗೆ ಬಂತು. ಒಂದು ಚೂರೂ ಹರಿಯಲಿಲ್ಲ.

ಪ್ರಭುರಾಜರು ನಿಂತೇ ಇದ್ದರು. ಮೊಳೆಗಳನ್ನು ಕೀಳಬಹುದಿತ್ತು. ಮೂರು ವಾರಗಳ ಹಿಂದೆ, ಇದೇ ಮೇಜಿನ ಮೇಲೆ, ಕೀಳಬಹುದಿತ್ತು. ಬರಿಯ ಚೌಕಟ್ಟನ್ನಷ್ಟೇ ಕಿನ್ನಾಳಕ್ಕೆ ಕಳಿಸಿದ್ದರೆ ಅದರಲ್ಲಿ ಕಣ್ಣು ಬರೆಯಲು ಯಾವ ಮುಖವೂ ಇರುತ್ತಿರಲಿಲ್ಲ.

"ಚೌಕಟ್ಟ ನೀವ ಇಟ್ಕೋರಿ" ಎಂದಳು ದಾವಲಬೀ, ಚಿತ್ರವನ್ನು ಸೆರಗಿನಲ್ಲಿ ಸುತ್ತುವ ಮೊದಲು. "ಸಾಹೇಬ, ಬರ್ರಿ ಇಲ್ಲೆ. ಇಷ್ಟ ದಿನ ಇಟ್ಕೊಂಡಿದ್ರಿ, ಒಮ್ಮೆರ ಮುಟ್ಟೀರೇನು?"

"ಇಲ್ರಿ. ಮುಟ್ಟಬಾರದು."

ಆಕೆ ತಡಕಾಡಿ ಅವರ ಕೈ ಹಿಡಿದು, ಕೈಗವಸನ್ನು ಬೆರಳ ತುದಿಯಿಂದ ಎಳೆದು ಕಳಚಿದಳು, ಶಾಲೆಯಿಂದ ಬಂದ ಕೂಸಿನ ಕಾಲುಚೀಲ ಕಳಚುವ ಹಾಗೆ. ಪ್ರಭುರಾಜರ ಬೆರಳ ಕೆಳಗೆ ಜೀರಿಗೆಯಷ್ಟು ಒಂದು ಉಬ್ಬು ಸಿಕ್ಕಿತು. ಮೂವತ್ತು ವರ್ಷಗಳಲ್ಲಿ ಅವರು ಬರಿಗೈಯಿಂದ ಮುಟ್ಟಿದ ಮೊದಲ ಮುಖ ಅದು. ಅವರು ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು.

ತಾಯಿ ಮಗ ಹೋದ ಮೇಲೆ ಅಮೃತಾ ಹೆಬ್ಬೆಟ್ಟಿಲ್ಲದ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದಳು. "ಮೂವತ್ತಕ್ಕ ಕೋಣಿ ಆಗಂಗಿಲ್ಲ ಸರ್. ಒಂದು ಕಪಾಟ ಕೇಳಿ ನೋಡ್ತೀನಿ."

"ಕಪಾಟ ನನ್ನ ಹತ್ರನ ಐತಿ" ಎಂದರು ಪ್ರಭುರಾಜರು.

ಮಧ್ಯಾಹ್ನ ಫೋನು ಬಡಿದುಕೊಂಡಿತು. ಹುಲಗಪ್ಪ.

"ಸಾಹೇಬ್ರ, ಸಿಟ್ಟ ಇಳೀತೇನ್ರಿ? ಹೆಂಗ ಐತಿ ಕಣ್ಣು? ನಿನ್ನೆ ಯಮನೂರಮ್ಮ ಅಂದ್ಳು, ಸಾಹೇಬ್ರ ಮನ್ಯಾಗ ಇನ್ನೂ ಮೂವತ್ತ ಮುಖ ಅದಾವಂತ. ಅದರಾಗ ಯಾವರ ಸವದಿದ್ರ ಕಳಸ್ರಿ, ಸಾವಕಾಶ..."

ಪ್ರಭುರಾಜರು ಫೋನನ್ನು ಕತ್ತರಿಸಿ, ಸಾಗವಾನಿ ಕಪಾಟಿನ ಹತ್ತಿರ ಹೋಗಿ, ಮೂವತ್ತು ಸೆಳೆಖಾನೆಗಳನ್ನೂ ಒಂದೊಂದಾಗಿ ಎಳೆದು ನೋಡಿ ಮುಚ್ಚಿದರು. ಮೂವತ್ತೊಂದನೆಯದರಲ್ಲಿ ಚೌಕಟ್ಟನ್ನಿಟ್ಟರು. ಎಲ್ಲೂ ಕಡಿಯದ ಹಸಿರು ಬಳ್ಳಿ, ನಡುವೆ ಸಾಗವಾನಿಯ ಬರಿ ತಳ. ಬಾಗಿಲು ಹಾಕಿ, ಬೀಗ ಜಡಿದು, ಎರಡು ಸಲ ಜಗ್ಗಿ ನೋಡಿ, ಕೀಲಿಯನ್ನು ಜೇಬಿಗಿಳಿಸಿದರು.

ಊಟಕ್ಕೆ ಕರೆಯಲು ಬಂದ ಲಲಿತಾ ಬಾಗಿಲಲ್ಲಿ ನಿಂತು ಅವರ ಮುಖವನ್ನೇ ನೋಡಿದರು.

"ಅಲ್ರಿ, ನಿಮ್ಮ ರೆಪ್ಪಿ ಮ್ಯಾಲೆ ಅದೇನ ಕಪ್ಪು?"

ಪ್ರಭುರಾಜರು ಮುಖ ಆಚೆ ತಿರುಗಿಸಿದರು.

"ಬಣ್ಣ ಆರಿಲ್ಲ ಇನ್ನೂ" ಎಂದರು ಸಿಡುಕಿನಿಂದ. "ಆ ಹುಲಗಪ್ಪ ಒಂದ ಕೆಲಸಾನೂ ನೆಟ್ಟಗ ಮಾಡಂಗಿಲ್ಲ."